ಸದ್ದು ಮಾಡುವ ಎಕ್ಸಾಸ್ಟ್ ಫ್ಯಾನಿನ ಬದಲಾವಣೆ: ಸಣ್ಣ ಕಾರ್ಖಾನೆಗಳಿಗೆ ಒಂದು ಪಾಠ

ಕಾರ್ಖಾನೆಯ ಶೌಚಾಲಯದಲ್ಲಿ ಎಕ್ಸಾಸ್ಟ್ ಫ್ಯಾನು ಇದ್ದೂ ಇಲ್ಲದಂತಿರುವುದು ಅಪರೂಪದ ಸಂಗತಿಯಲ್ಲ. ಗೋಡೆಯಲ್ಲಿ ಫ್ಯಾನು ಇರುತ್ತದೆ, ಬಾಗಿಲ ಬಳಿ ಸ್ವಿಚ್ಚೂ ಇರುತ್ತದೆ, ಆದರೆ ಫ್ಯಾನು ತಿರುಗುತ್ತಿರುವುದಿಲ್ಲ. ಅದು ಕೆಟ್ಟಿರುವುದೂ ಇಲ್ಲ. ಅದರ ಆರ್ಭಟ ತಾಳಲಾರದೆ ಒಳಗೆ ಹೋದವರೇ ಆರಿಸಿಬಿಡುತ್ತಾರೆ. ಕಚೇರಿಯ ಪಕ್ಕದ ಶೌಚಾಲಯವಾದರೆ ಫೋನಿನಲ್ಲಿ ಮಾತನಾಡುತ್ತಿರುವ ಲೆಕ್ಕಿಗರು ಎದ್ದು ಹೋಗಿ ಆರಿಸುತ್ತಾರೆ. ಫ್ಯಾನಿಗೆ ಹಣ ತೆತ್ತದ್ದಾಯಿತು, ವಾಸನೆ ಮಾತ್ರ ಉಳಿಯಿತು. ಒಳಗಿನ ತೇವ ಆರುವುದಿಲ್ಲ, ಸುಣ್ಣ ಉದುರುತ್ತದೆ, ಬಾಗಿಲಿನ ಕಬ್ಬಿಣದ ಚೌಕಟ್ಟಿಗೆ ತುಕ್ಕು ಹಿಡಿಯುತ್ತದೆ. ಇದಕ್ಕಿಂತ ಗಂಭೀರವಾದ ಪರಿಣಾಮ ಇನ್ನೊಂದಿದೆ. ಗಾಳಿಯಾಡದ ಶೌಚಾಲಯಕ್ಕೆ ಹೋಗಲು ಹಿಂಜರಿದು, ಪಾಳಿ ಮುಗಿಯುವವರೆಗೆ ನೀರು ಕುಡಿಯದೆ ಇರುವ ಮಹಿಳಾ ಕಾರ್ಮಿಕರ ಕಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣಸಿಗುವುದಿಲ್ಲ.

ಬೆಂಗಳೂರಿನಿಂದ ಕನಕಪುರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 948ರಲ್ಲಿ ಸಿಗುವ ಹಾರೋಹಳ್ಳಿ ಕೈಗಾರಿಕಾ ಪ್ರದೇಶವನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಹಂತ ಹಂತವಾಗಿ ಅಭಿವೃದ್ಧಿಪಡಿಸಿತು. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಜಿಲ್ಲೆಯ ಮುಖ್ಯ ಕೈಗಾರಿಕಾ ನೆಲೆಗಳಲ್ಲಿ ಇದೂ ಒಂದು. ದೊಡ್ಡ ಕಾರ್ಖಾನೆಗಳಲ್ಲಿ ಗಾಳಿ ಸಂಚಾರದ ವ್ಯವಸ್ಥೆಯನ್ನು ನಕ್ಷೆಯ ಹಂತದಲ್ಲಿಯೇ ಸಲಹೆಗಾರರು ರೂಪಿಸುತ್ತಾರೆ. ಇಲ್ಲಿನ ಲೆಕ್ಕ ಅವರಿಗಾಗಿ ಅಲ್ಲ. ಕಾಂಕ್ರೀಟ್ ಬ್ಲಾಕಿನ ಗೋಡೆ, ಶೀಟಿನ ಮೇಲ್ಛಾವಣಿ, ಮೂಲೆಯಲ್ಲೊಂದು ಶೌಚಾಲಯ, ಅದಕ್ಕೆ ತಾಗಿದಂತೆ ಕಚೇರಿ ಇರುವ ಸಣ್ಣ ಶೆಡ್ಡಿನ ಮಾಲೀಕರು ಹಳೆಯ ಫ್ಯಾನನ್ನು ಬದಲಿಸಲು ಹೊರಟಾಗ ಏನನ್ನು ನೋಡಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಕಾನೂನಿನ ಮಾತು

1948ರ ಕಾರ್ಖಾನೆಗಳ ಕಾಯ್ದೆಯ 19ನೇ ಕಲಮು ಶೌಚಾಲಯಗಳಲ್ಲಿ ಸಾಕಷ್ಟು ಬೆಳಕು ಮತ್ತು ಗಾಳಿ ಇರಬೇಕೆಂದು ವಿಧಿಸಿತ್ತು. ಮುಖ್ಯ ನಿರೀಕ್ಷಕರ ಲಿಖಿತ ವಿನಾಯಿತಿ ಇಲ್ಲದಿದ್ದರೆ, ತೆರೆದ ಜಾಗ ಅಥವಾ ಗಾಳಿಯಾಡುವ ಹಾದಿಯ ಮೂಲಕವಲ್ಲದೆ ಶೌಚಾಲಯವು ಕೆಲಸದ ಕೋಣೆಗೆ ತೆರೆದುಕೊಳ್ಳಬಾರದು ಎಂದೂ ಅದರಲ್ಲಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನಕ್ಕೆ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಕಾಯ್ದೆ ಬದಲಾದರೂ ಹಳೆಯ ಕಲಮಿನ ತರ್ಕ ಕಟ್ಟಡ ಕಟ್ಟುವವರಿಗೆ ಈಗಲೂ ಒಳ್ಳೆಯ ಮಾರ್ಗದರ್ಶಿಯೇ. ಶೌಚಾಲಯದ ಫ್ಯಾನನ್ನು ಹೊರಗೋಡೆಗೆ ಹಾಕದೆ ಶೆಡ್ಡಿನ ಒಳಕ್ಕೇ ಗಾಳಿ ಬಿಡುವಂತೆ ಹಾಕಿರುವ ಕಡೆಗಳಲ್ಲಿ ಫ್ಯಾನು ಎಷ್ಟೇ ನಿಶ್ಶಬ್ದವಾಗಿದ್ದರೂ ಪ್ರಯೋಜನವಿಲ್ಲ.

ಸದ್ದಿನ ವಿಷಯದಲ್ಲಿ ಕಾನೂನು ಉದ್ಯಮಿಯ ಮೇಲೆ ಒತ್ತಡ ಹೇರುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಕೈಗಾರಿಕಾ ಪ್ರದೇಶದ ಪರಿಸರದಲ್ಲಿ ಹಗಲು 75, ರಾತ್ರಿ 70 ಡೆಸಿಬಲ್‌ವರೆಗೆ ಅವಕಾಶವಿದೆ. ವಸತಿ ಪ್ರದೇಶಕ್ಕೆ ಇದೇ ಮಿತಿ 55 ಮತ್ತು 45. ಶೌಚಾಲಯದ ಒಂದು ಫ್ಯಾನು ಕೈಗಾರಿಕಾ ಮಿತಿಯನ್ನು ಕಾರ್ಖಾನೆಯ ಬೇಲಿಯಾಚೆಗೆ ಮೀರಿಸುವ ಸಂಭವ ಇಲ್ಲವೆಂದೇ ಹೇಳಬಹುದು. ಆದ್ದರಿಂದ ಯಾವ ಅಧಿಕಾರಿಯೂ ಬಂದು ಕೇಳುವುದಿಲ್ಲ. ಕಾರ್ಮಿಕರೂ ಇದನ್ನೊಂದು ದೂರೆಂದು ಹೇಳದೆ ಸುಮ್ಮನೆ ಸ್ವಿಚ್ ಆರಿಸುತ್ತಾರೆ. ಮಾಲೀಕರಿಗೆ ತಿಳಿಯುವ ದಾರಿ ಒಂದೇ: ದಿನದ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಫ್ಯಾನು ತಿರುಗುತ್ತಿದೆಯೇ ಎಂದು ನೋಡುವುದು.

ಸದ್ದು ಎಲ್ಲಿಂದ ಬರುತ್ತದೆ

ಹೊಸ ಫ್ಯಾನಿಗೆ ಹಣ ಹಾಕುವ ಮೊದಲು ಹಳೆಯದು ಏಕೆ ಸದ್ದು ಮಾಡುತ್ತಿದೆ ಎಂದು ಅರ್ಧ ಗಂಟೆ ಪರೀಕ್ಷಿಸುವುದು ಲಾಭದಾಯಕ. ಎಂ.ಸಿ.ಬಿ. ಇಳಿಸಿ, ವಿದ್ಯುತ್ ಇಲ್ಲವೆಂದು ಟೆಸ್ಟರಿನಿಂದ ಖಚಿತಪಡಿಸಿಕೊಂಡು, ರೆಕ್ಕೆಯನ್ನು ಕೈಯಿಂದ ತಿರುಗಿಸಬೇಕು. ಸರಾಗವಾಗಿ ತಿರುಗಿ ನಿಧಾನವಾಗಿ ನಿಂತರೆ ಬೇರಿಂಗ್ ಚೆನ್ನಾಗಿದೆ. ಗರಗರ ಎಂದು ತಡೆದು ನಿಂತರೆ ಬುಷ್ ಒಣಗಿದೆ ಅಥವಾ ಬೇರಿಂಗ್ ಸವೆದಿದೆ. ರೆಕ್ಕೆಗಳ ಮೇಲಿನ ಧೂಳನ್ನೂ ನೋಡಬೇಕು. ಕನಕಪುರ ಸೀಮೆಯ ಗ್ರಾನೈಟ್ ಕೆಲಸದ ಹತ್ತಿರದ ಶೆಡ್ಡುಗಳಲ್ಲಿ ಕಲ್ಲಿನ ಪುಡಿ ತೇವದೊಡನೆ ಬೆರೆತು ರೆಕ್ಕೆಯ ಮೇಲೆ ಗಾರೆಯಂತೆ ಕೂರುತ್ತದೆ. ಅದು ಎಲ್ಲ ರೆಕ್ಕೆಗಳ ಮೇಲೂ ಸಮನಾಗಿ ಕೂರುವುದಿಲ್ಲ. ಸಮತೋಲ ತಪ್ಪಿದ ಫ್ಯಾನು ಗೋಡೆಯನ್ನೇ ನಡುಗಿಸುತ್ತದೆ. ಅಂಥ ಫ್ಯಾನಿಗೆ ಬೇಕಾದದ್ದು ಸಾಬೂನು ನೀರೇ ಹೊರತು ಬದಲಿ ಫ್ಯಾನಲ್ಲ.

ಹೊರಗಿನ ಶಟರಿನ ಪಟ್ಟಿಗಳು ಪಟಪಟ ಬಡಿಯುವುದು ಇನ್ನೊಂದು ಮೂಲ. ಫ್ಯಾನು ಸಾಕಷ್ಟು ಗಾಳಿ ತಳ್ಳಲಾರದೆ ಹೋದಾಗ ಪಟ್ಟಿಗಳು ಪೂರ್ತಿ ತೆರೆಯದೆ ಅರ್ಧದಲ್ಲಿ ಅಲುಗಾಡುತ್ತವೆ. ಜನರು ಅದನ್ನು ಫ್ಯಾನಿನ ಸದ್ದೆಂದು ತಿಳಿಯುತ್ತಾರೆ. ಇನ್ನು ಗುಂಯ್ ಎಂಬ ಒಂದೇ ಸ್ವರದ ಮೊಳಗು ಕೇಳಿಬಂದರೆ ಅದು ಮೋಟಾರಿನ ಕಾಂತೀಯ ಕಂಪನ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಕಪಾಸಿಟರ್ ದುರ್ಬಲವಾದಾಗಲೂ, ಸೀಲಿಂಗ್ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಎಕ್ಸಾಸ್ಟ್ ಫ್ಯಾನಿಗೆ ಜೋಡಿಸಿದಾಗಲೂ ಈ ಮೊಳಗು ಹೆಚ್ಚುತ್ತದೆ. ಸದ್ದು ತಗ್ಗಿಸಲೆಂದು ರೆಗ್ಯುಲೇಟರ್ ಹಾಕಿಸಿ ಹೊಸ ಸದ್ದೊಂದನ್ನು ಮನೆಗೆ ತಂದುಕೊಂಡ ಉದಾಹರಣೆಗಳು ಬಹಳ.

ಇವೆಲ್ಲ ಸರಿಪಡಿಸಬಹುದಾದ ದೋಷಗಳು. ಸರಿಪಡಿಸಲಾಗದ ಸದ್ದು ಒಂದಿದೆ. ಅದು ರೆಕ್ಕೆ ಗಾಳಿಯನ್ನು ಸೀಳುವ ಸದ್ದು. ಅದು ಫ್ಯಾನಿನ ವೇಗದಲ್ಲಿಯೇ ಅಡಗಿದೆ. ಎಂಜಿನಿಯರುಗಳು ಬಳಸುವ ಅಂದಾಜಿನಂತೆ ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬಲ್ ಕುಸಿಯುತ್ತದೆ. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ಆದರೆ ವೇಗ ಅರ್ಧವಾದರೆ ಗಾಳಿಯೂ ಅರ್ಧವಾಗುತ್ತದೆ. ಆ ನಷ್ಟವನ್ನು ತುಂಬಿಕೊಡುವುದು ರೆಕ್ಕೆಯ ಅಗಲ.

ತೂತು ಫ್ಯಾನನ್ನು ಆರಿಸಬಾರದು

ಅಂಗಡಿಗೆ ಹೋದ ಬಹುತೇಕ ಗ್ರಾಹಕರು ಕೇಳುವುದು, ಗೋಡೆಯಲ್ಲಿರುವ ತೂತಿಗೆ ಹೊಂದುವ ಫ್ಯಾನನ್ನು. ಹಳೆಯದು ಒಂಬತ್ತು ಇಂಚಿನದಾದರೆ ಹೊಸದೂ ಒಂಬತ್ತು ಇಂಚಿನದೇ. ಮೊದಲ ಫ್ಯಾನನ್ನು ಆರಿಸಿದವರು ಮಾಡಿದ ತಪ್ಪು ಹೀಗೆ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ.

ಒಂದು ಲೆಕ್ಕ ನೋಡಬಹುದು. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಶೌಚಾಲಯವೊಂದಿದೆ ಎಂದುಕೊಳ್ಳೋಣ. ಅದರೊಳಗಿನ ಗಾಳಿ 60 ಘನ ಮೀಟರ್. ಗಂಟೆಗೆ ಹತ್ತು ಸಲ ಗಾಳಿ ಬದಲಾಗಬೇಕೆಂಬ ರೂಢಿಯ ಲೆಕ್ಕ ಹಿಡಿದರೆ ಗಂಟೆಗೆ 600 ಘನ ಮೀಟರ್ ಗಾಳಿಯನ್ನು ಹೊರಹಾಕಬೇಕು. ಈ ಜಾಗದಲ್ಲಿ 230 ಮಿಲಿಮೀಟರ್, ಅಂದರೆ ಒಂಬತ್ತು ಇಂಚಿನ, ನಿಮಿಷಕ್ಕೆ ಸುಮಾರು 1350 ಸುತ್ತು ತಿರುಗುವ ಫ್ಯಾನು ಇದೆ. ಅದರ ಬದಲು 300 ಮಿಲಿಮೀಟರಿನ, ಅಂದರೆ ಹನ್ನೆರಡು ಇಂಚಿನ, 900 ಸುತ್ತಿನ ಫ್ಯಾನನ್ನು ಹಾಕಿದರೆ ಏನಾಗುತ್ತದೆ?

ಒಂದೇ ಬಗೆಯ ರೆಕ್ಕೆಗಳಾದರೆ ಗಾಳಿಯ ಪ್ರಮಾಣವು ವೇಗದ ಜೊತೆಗೂ ವ್ಯಾಸದ ಘನದ ಜೊತೆಗೂ ಏರುತ್ತದೆ. ಆ ಪ್ರಕಾರ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿದರೂ ಸುಮಾರು ಒಂದೂವರೆ ಪಟ್ಟು ಗಾಳಿಯನ್ನು ಹೊರಹಾಕುತ್ತದೆ. ರೆಕ್ಕೆಯ ತುದಿಯ ವೇಗ ಸೆಕೆಂಡಿಗೆ 16 ಮೀಟರಿನಿಂದ 14ಕ್ಕೆ ಇಳಿಯುತ್ತದೆ. ಸದ್ದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇಲ್ಲಿ ಅನೇಕರು ನಿರಾಶರಾಗಬಹುದು: ಸದ್ದು ಕಡಿಮೆಯಾಗಲಿಲ್ಲವಲ್ಲ! ಆದರೆ ಗಾಳಿ ಒಂದೂವರೆ ಪಟ್ಟಾಗಿದೆ. ಅಷ್ಟು ಗಾಳಿಯ ಅಗತ್ಯವಿರಲಿಲ್ಲ. ಅದೇ 300 ಮಿಲಿಮೀಟರ್ ಫ್ಯಾನು 700 ಸುತ್ತಿನಲ್ಲಿ ತಿರುಗಿದರೆ ಹಳೆಯದಕ್ಕಿಂತ ಶೇಕಡ 15ರಷ್ಟು ಹೆಚ್ಚು ಗಾಳಿ ಸಿಕ್ಕಿ, ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗಾಳಿ ಹಳೆಯಷ್ಟೇ ಸಾಕೆಂದು 600 ಸುತ್ತಿಗೆ ಇಳಿಸಿದರೆ 9 ಡೆಸಿಬಲ್ ಇಳಿಯುತ್ತದೆ. ಕಿವಿಗೆ ಅರ್ಧದಷ್ಟು ಸದ್ದು.

ಈ ವೇಗಗಳು ಎಲ್ಲಿಂದ ಬರುತ್ತವೆ ಎಂಬುದನ್ನೂ ಖರೀದಿದಾರರು ಅರಿತಿರಬೇಕು. ಸಾಮಾನ್ಯ ಇಂಡಕ್ಷನ್ ಮೋಟಾರಿನ ವೇಗ ಅದರ ಧ್ರುವಗಳ ಸಂಖ್ಯೆಗೆ ಬದ್ಧವಾಗಿದೆ. ನಾಲ್ಕು ಧ್ರುವದ ಮೋಟಾರು 1500ಕ್ಕಿಂತ ತುಸು ಕಡಿಮೆ, ಆರು ಧ್ರುವದ್ದು 1000ಕ್ಕಿಂತ ತುಸು ಕಡಿಮೆ, ಎಂಟು ಧ್ರುವದ್ದು 750ಕ್ಕಿಂತ ತುಸು ಕಡಿಮೆ ಸುತ್ತು ತಿರುಗುತ್ತದೆ. ಹನ್ನೆರಡು ಇಂಚಿನ ಫ್ಯಾನಿನಲ್ಲಿ 1400 ಮತ್ತು 900 ಸುತ್ತಿನ ಎರಡು ಬಗೆಗಳು ಮಾರುಕಟ್ಟೆಯಲ್ಲಿವೆ. ಒಂದೇ ಬಣ್ಣ, ಒಂದೇ ಗಾತ್ರದ ಪೆಟ್ಟಿಗೆ. ಸುತ್ತಿನ ಸಂಖ್ಯೆಯನ್ನು ಹೇಳದೆ ಆರ್ಡರು ಕೊಟ್ಟರೆ ಯಾವುದು ಬರುತ್ತದೆಂದು ಹೇಳಲಾಗದು. ಎಂಟು ಧ್ರುವದ ಸಣ್ಣ ಫ್ಯಾನು ಬೇಕೆಂದರೆ ಹೇಳಿ ತರಿಸಬೇಕಾಗುತ್ತದೆ. ಬಿ.ಎಲ್.ಡಿ.ಸಿ. ಮೋಟಾರಿನ ಫ್ಯಾನುಗಳಿಗೆ ಧ್ರುವಗಳ ಈ ಕಟ್ಟುಪಾಡಿಲ್ಲ. ಹಂತ ಹಂತವಾಗಿ ವೇಗವನ್ನು ಇಳಿಸಬಹುದು. ಅವುಗಳ ನಿಜವಾದ ಅನುಕೂಲ ಇದು.

ವಿದ್ಯುತ್ ಉಳಿತಾಯವನ್ನು ಮುಂದೊಡ್ಡಿ ಬಿ.ಎಲ್.ಡಿ.ಸಿ. ಮಾರುವ ವರ್ತಕರು ಲೆಕ್ಕ ಹಾಕಿ ಮಾತನಾಡುವುದು ಒಳಿತು. 40 ವಾಟಿನ ಫ್ಯಾನು ದಿನಕ್ಕೆ 10 ಗಂಟೆಯಂತೆ 300 ದಿನ ತಿರುಗಿದರೆ 120 ಯೂನಿಟ್ಟು. ಅದರಲ್ಲಿ ಅರ್ಧ ಉಳಿದರೆ 60 ಯೂನಿಟ್ಟು; ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 480 ರೂಪಾಯಿ. ಈ ಮೊತ್ತಕ್ಕಾಗಿ ಯಾರೂ ಗೋಡೆ ಒಡೆಸುವುದಿಲ್ಲ.

ಪೆಟ್ಟಿಗೆಯ ಮೇಲಿನ ಡೆಸಿಬಲ್

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಯಲ್ಲಿ ಫ್ಯಾನು ಓಡಿಸಿ ತೋರಿಸಿದಾಗ ಅದು ಸದ್ದೇ ಮಾಡದಂತೆ ಕಾಣುವುದು ಸಹಜ. ಹೊರಗಿನ ವಾಹನಗಳ ಗದ್ದಲದಲ್ಲಿ ಯಾವ ಫ್ಯಾನೂ ಸಾಧುವೇ. ಅದೇ ಫ್ಯಾನು ಟೈಲ್ಸ್ ಹಾಕಿದ ಶೌಚಾಲಯಕ್ಕೆ ಬಂದಾಗ ಗೋಡೆ, ನೆಲಗಳು ಸದ್ದನ್ನು ಹೀರದೆ ಹಿಂದಕ್ಕೆ ಎಸೆಯುತ್ತವೆ.

ಪೆಟ್ಟಿಗೆಯ ಮೇಲೆ ಮುದ್ರಿಸಿದ ಡೆಸಿಬಲ್ ಅಂಕಿಯನ್ನು ಎಷ್ಟು ದೂರದಿಂದ ಅಳೆದರು ಎಂಬುದು ಮುಖ್ಯ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 50 ತೋರಿಸುವ ಫ್ಯಾನು ಮೂರು ಮೀಟರಿನಲ್ಲಿ ಸುಮಾರು 40 ತೋರಿಸುತ್ತದೆ. ದೂರ ನಮೂದಿಸದ ಎರಡು ಪೆಟ್ಟಿಗೆಗಳನ್ನು ಹೋಲಿಸುವುದು ವ್ಯರ್ಥ. ಗಾಳಿಯ ಅಂಕಿಯ ವಿಷಯದಲ್ಲಿಯೂ ಎಚ್ಚರ ಬೇಕು. ಮುದ್ರಿತ ಅಂಕಿ ಮುಂದೆ ಪೈಪಾಗಲಿ ಜಾಲರಿಯಾಗಲಿ ಇಲ್ಲದಿದ್ದಾಗ ದೊರೆಯುವ ಗಾಳಿ. ಅಮೆರಿಕದಲ್ಲಿ ಸ್ನಾನಗೃಹದ ಫ್ಯಾನುಗಳ ಸದ್ದನ್ನು ಸೋನ್ ಎಂಬ ಮಾನದಲ್ಲಿ ಸೂಚಿಸುವ ರೂಢಿಯಿದೆ. 1 ಸೋನ್‌ಗಿಂತ 2 ಸೋನ್ ಕಿವಿಗೆ ಎರಡರಷ್ಟು ಜೋರು. ಡೆಸಿಬಲ್ಲಿನ ಲಾಗರಿದಮ್ಮಿಗಿಂತ ಗ್ರಾಹಕರಿಗೆ ಇದು ಸುಲಭ. ನಮ್ಮಲ್ಲಿ ಪ್ರೊಪೆಲ್ಲರ್ ಮಾದರಿಯ ಎಕ್ಸಾಸ್ಟ್ ಫ್ಯಾನುಗಳಿಗಾಗಿ ಐ.ಎಸ್. 2312 ಎಂಬ ಮಾನಕ 1967ರಲ್ಲಿಯೇ ಬಂದಿದೆ. ಖರೀದಿ ಆದೇಶದಲ್ಲಿ ಅದನ್ನು ಬರೆಯುವುದರ ಜೊತೆಗೆ ಸುತ್ತಿನ ಸಂಖ್ಯೆ, ಗಾಳಿಯ ಪ್ರಮಾಣ, ಬಾಲ್ ಬೇರಿಂಗ್ ಎಂಬ ಮೂರು ಮಾತುಗಳನ್ನು ಸೇರಿಸಿದರೆ ವಿವಾದಗಳು ಕಡಿಮೆಯಾಗುತ್ತವೆ. ಬುಷ್ ಬೇರಿಂಗಿನ ಫ್ಯಾನು ಹೊಸದರಲ್ಲಿ ಮೃದುವಾಗಿಯೇ ಓಡುತ್ತದೆ. ಆದರೆ ಅದನ್ನು ಛಾವಣಿಯಿಂದ ಕೆಳಮುಖವಾಗಿ ತೂಗುಹಾಕಿದರೆ ಎಣ್ಣೆ ಬೇಗ ಇಳಿದುಹೋಗುತ್ತದೆ.

ಅಳವಡಿಕೆಯ ಕೆಲಸ

ಒಂಬತ್ತು ಇಂಚಿನ ತೂತನ್ನು ಹನ್ನೆರಡು ಇಂಚಿನ ಫ್ಯಾನಿಗೆ ಹಿಗ್ಗಿಸುವುದು ಬ್ಲಾಕಿನ ಗೋಡೆಯಲ್ಲಿ ಅರ್ಧ ದಿನದ ಕೆಲಸ. ಕಟರಿನಿಂದ ಗೆರೆ ಹಾಕಿ ಕತ್ತರಿಸಬೇಕೇ ಹೊರತು ಸುತ್ತಿಗೆಯಿಂದ ಬಡಿದು ಒಡೆಯಬಾರದು. ಬ್ಲಾಕು ಸಡಿಲವಾದರೆ ಮುಂದೆ ಅದೇ ನಡುಗುತ್ತದೆ. ಫ್ಯಾನಿನ ಚೌಕಟ್ಟು ಗೋಡೆಗೆ ನೇರವಾಗಿ ತಾಗದಂತೆ ನಾಲ್ಕೂ ಬೋಲ್ಟುಗಳಿಗೆ ರಬ್ಬರ್ ವಾಷರು ಕೊಟ್ಟು, ಸುತ್ತ ರಬ್ಬರ್ ಅಥವಾ ಫೋಮ್ ಪಟ್ಟಿ ಇಡಬೇಕು. ಶೀಟಿನ ಗೋಡೆಗೆ ಫ್ಯಾನು ಬಿಗಿದರೆ ಶೀಟು ತಮಟೆಯಾಗುತ್ತದೆ. ಅಂಥಲ್ಲಿ ಆಂಗಲ್‌ನಿಂದ ಪ್ರತ್ಯೇಕ ಚೌಕಟ್ಟು ಮಾಡಿ ಅದನ್ನು ಕಂಬಕ್ಕೆ ಕೂಡಿಸುವುದು ಸರಿ. ಅರ್ಥಿಂಗ್ ತಂತಿ ಜೋಡಿಸುವುದನ್ನು ಮರೆಯಬಾರದು. ಒದ್ದೆ ಕೋಣೆಯಲ್ಲಿ ಲೋಹದ ಫ್ಯಾನು ಎಂಬುದು ನೆನಪಿನಲ್ಲಿರಲಿ. ಈ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು.

ಕಚೇರಿಯ ಸಣ್ಣ ಶೌಚಾಲಯದ ವಿಷಯ ಬೇರೆ. ಅಲ್ಲಿ ಹೊರಗೋಡೆ ಇರುವುದಿಲ್ಲ, ಫಾಲ್ಸ್ ಸೀಲಿಂಗಿನ ಮೇಲೆ ಪೈಪು ಹಾಯಿಸಬೇಕಾಗುತ್ತದೆ. ಗಂಟೆಗೆ 100 ಘನ ಮೀಟರ್ ಗಾಳಿ 4 ಇಂಚಿನ ಪೈಪಿನಲ್ಲಿ ಸೆಕೆಂಡಿಗೆ ಮೂರೂವರೆ ಮೀಟರ್ ವೇಗದಲ್ಲಿ ಹರಿಯುತ್ತದೆ. 6 ಇಂಚಿನ ಪೈಪಿನಲ್ಲಿ ಕೇವಲ ಒಂದೂವರೆ ಮೀಟರಿನಷ್ಟು. ಪೈಪಿನಲ್ಲಿ ವೇಗ ಹೆಚ್ಚಿದಂತೆ ಸುಯ್ ಎಂಬ ಸದ್ದೂ ಹೆಚ್ಚುತ್ತದೆ. ಫ್ಲೆಕ್ಸಿಬಲ್ ಪೈಪನ್ನು ಪೂರ್ತಿ ಎಳೆಯದೆ ಹಾವಿನಂತೆ ಸುತ್ತಿ ಬಿಟ್ಟರೆ ಫ್ಯಾನಿನ ಶಕ್ತಿಯೆಲ್ಲ ಅದರ ಮಡಿಕೆಗಳಲ್ಲಿಯೇ ಕಳೆಯುತ್ತದೆ. ಫ್ಯಾನನ್ನು ಜಾಲರಿಯ ಬಾಯಿಯಲ್ಲಿಡದೆ ಪೈಪಿನ ನಡುವೆ, ಕೋಣೆಯಿಂದ ಒಂದೆರಡು ಮೀಟರ್ ಆಚೆಗೆ ರಬ್ಬರಿನ ಮೇಲೆ ತೂಗುಹಾಕುವ ಇನ್‌ಲೈನ್ ಫ್ಯಾನು ಇಂಥ ಕಡೆಗೆ ಹೆಚ್ಚು ಸೂಕ್ತ. ಬೆಲೆ ಹೆಚ್ಚು, ನಿಜ. ಆದರೆ ದೊಡ್ಡ ಗ್ರಾಹಕ ಸಂಸ್ಥೆಯ ಆಡಿಟರು ಸಭಾಕೋಣೆಯಲ್ಲಿ ಕುಳಿತಿರುವಾಗ ಪಕ್ಕದ ಗೋಡೆಯಾಚೆ ಹಿಟ್ಟಿನ ಗಿರಣಿ ಓಡುವಂತಾದರೆ ಆ ಉಳಿತಾಯ ಯಾರಿಗೂ ಬೇಡ.

ಒಳಬರುವ ಗಾಳಿ

ಬದಲಾವಣೆಯ ಕೆಲಸದಲ್ಲಿ ಎಲ್ಲರೂ ಮರೆಯುವ ಅಂಶವಿದು. ಹೊರಹೋದಷ್ಟೇ ಗಾಳಿ ಒಳಬರಬೇಕು. ಮೇಲಿನ ಉದಾಹರಣೆಯ 600 ಘನ ಮೀಟರಿಗೆ ಬಾಗಿಲ ಕೆಳಗಿನ 10 ಮಿಲಿಮೀಟರ್ ಸಂದು ಮಾತ್ರ ದಾರಿಯಾದರೆ ಅಲ್ಲಿ ಗಾಳಿ ಸೆಕೆಂಡಿಗೆ 18 ಮೀಟರ್ ವೇಗದಲ್ಲಿ ನುಗ್ಗಬೇಕಾಗುತ್ತದೆ. ಗೋಡೆಯ ಪ್ರೊಪೆಲ್ಲರ್ ಫ್ಯಾನಿಗೆ ಅಷ್ಟು ಎಳೆಯುವ ತ್ರಾಣವಿಲ್ಲ. ಅದು ಗಾಳಿ ಸಿಗದೆ ಇದ್ದಲ್ಲಿಯೇ ಗಿರಕಿ ಹೊಡೆದು, ಮಾಮೂಲಿಗಿಂತ ಹೆಚ್ಚು ಸದ್ದು ಮಾಡುತ್ತದೆ. ಅಂದರೆ ಸದ್ದು ಹೆಚ್ಚು, ಗಾಳಿ ಕಡಿಮೆ. ಬಾಗಿಲು ತೆರೆದಾಗ ಸದ್ದಿನ ಸ್ವರ ಬದಲಾದರೆ ರೋಗ ಇದೇ ಎಂದು ತಿಳಿಯಬೇಕು. ಬಾಗಿಲಿನ ಕೆಳಭಾಗದಲ್ಲಿ 600 ಮಿಲಿಮೀಟರ್ ಅಗಲ, 400 ಮಿಲಿಮೀಟರ್ ಎತ್ತರದ ಓರೆಪಟ್ಟಿಗಳ ಜಾಲರಿ ಕೂರಿಸಿ, ಅದರಲ್ಲಿ ಅರ್ಧದಷ್ಟು ಜಾಗ ತೆರೆದಿದ್ದರೂ ವೇಗ ಒಂದೂವರೆ ಮೀಟರಿಗಿಂತ ಕೆಳಗಿಳಿಯುತ್ತದೆ. ಮಹಿಳೆಯರ ಶೌಚಾಲಯಕ್ಕೆ ಪಟ್ಟಿಗಳು ಹೊರಗಿನಿಂದ ಒಳಗೇನೂ ಕಾಣದಂತೆ ಒಂದರ ಮೇಲೊಂದು ಬರುವಂತಿರಬೇಕು. ಇಲ್ಲವಾದರೆ ಎರಡೇ ದಿನದಲ್ಲಿ ಯಾರೋ ಅದಕ್ಕೆ ರಟ್ಟು ಅಂಟಿಸಿರುತ್ತಾರೆ. ಹೊಸ ಫ್ಯಾನು ತರುವ ಮೊದಲು ಈ ಜಾಲರಿಯನ್ನು ಹಾಕಿಸಿ ನೋಡಿದರೆ, ಕೆಲವು ಕಡೆ ಹಳೆಯ ಫ್ಯಾನೇ ಸಾಕೆನಿಸಬಹುದು.

ಕೆಲಸ ಮುಗಿದ ಮೇಲೆ ಪರೀಕ್ಷೆಗೆ ಊದುಬತ್ತಿ ಸಾಕು. ಬಾಗಿಲು ಮುಚ್ಚಿ, ಜಾಲರಿಯ ಬಳಿ ಹಿಡಿದರೆ ಹೊಗೆ ಒಳಕ್ಕೆ ಬಾಗಬೇಕು. ಫ್ಯಾನಿನ ಬಳಿ ಹೊಗೆ ಸುಳಿಸುತ್ತದೆ ಹಿಂದಿರುಗದೆ ಹೊರಹೋಗಬೇಕು. ಸದ್ದಿಗೆ ಮೊಬೈಲಿನಲ್ಲಿ ದೊರೆಯುವ ಮಾಪಕಗಳ ಅಂಕಿ ನಿಖರವಲ್ಲ. ಆದರೂ ಒಂದೇ ಮೊಬೈಲಿನಿಂದ, ಒಂದೇ ಜಾಗದಲ್ಲಿ, ಯಂತ್ರಗಳು ನಿಂತಿರುವ ಊಟದ ಹೊತ್ತಿನಲ್ಲಿ ಮೊದಲೊಮ್ಮೆ, ಬದಲಿಸಿದ ಮೇಲೊಮ್ಮೆ ಅಳೆದರೆ ವ್ಯತ್ಯಾಸ ನಂಬುವಂತಿರುತ್ತದೆ. ಸ್ವಿಚ್ಚನ್ನು ದೀಪದ ಜೊತೆಗೆ ಕೂಡಿಸಿ, ದೀಪ ಆರಿದ ಮೇಲೂ ಹದಿನೈದು ನಿಮಿಷ ಫ್ಯಾನು ತಿರುಗುವಂತೆ ಟೈಮರ್ ಹಾಕಿಸುವುದು ಒಳ್ಳೆಯದು. ಸದ್ದು ಮಾಡುವ ಫ್ಯಾನಿಗೆ ಟೈಮರ್ ಹಾಕಿದರೆ ಮಾತ್ರ ಯಾರಾದರೂ ತಂತಿಯನ್ನೇ ಕೀಳುತ್ತಾರೆ.

ತಯಾರಕರಿಗೆ ಇರುವ ಅವಕಾಶ

ಅಂಗಡಿಗಳಲ್ಲಿ ಫ್ಯಾನು ಬೇಕಾದಷ್ಟು ಸಿಗುತ್ತದೆ. ಅದರ ಸುತ್ತ ಬೇಕಾದ ಬಿಡಿಭಾಗಗಳಿಗೆ ಮಾತ್ರ ಪರದಾಡಬೇಕು. ಒಂಬತ್ತರ ತೂತನ್ನು ಹನ್ನೆರಡಕ್ಕೆ ಹೊಂದಿಸುವ ತಗಡಿನ ತೋಳು, ಅಂಚಿಗೆ ಫೆಲ್ಟ್ ಅಂಟಿಸಿ ಬಡಿಯದಂತೆ ಮಾಡಿದ ಶಟರು, ಸರಿಯಾದ ಗಡಸಿನ ರಬ್ಬರ್ ವಾಷರುಗಳ ಕಟ್ಟು, ತೆರೆದ ಜಾಗದ ಅಳತೆ ಮುದ್ರಿಸಿದ ಬಾಗಿಲ ಜಾಲರಿ: ಇವುಗಳಿಗೆ ಗ್ರಾಹಕರು ಒಂದೊಂದಕ್ಕೆ ಒಂದೊಂದು ಕಡೆ ಅಲೆಯುತ್ತಾರೆ, ಇಲ್ಲವೇ ಅವಿಲ್ಲದೆಯೇ ಕೆಲಸ ಮುಗಿಸುತ್ತಾರೆ. ಇವಾವುವೂ ದೊಡ್ಡ ಬಂಡವಾಳ ಬೇಡುವ ವಸ್ತುಗಳಲ್ಲ. ತಗಡಿನ ಕೆಲಸ, ರಬ್ಬರ್ ಅಚ್ಚು, ಪ್ಲಾಸ್ಟಿಕ್ ಮೋಲ್ಡಿಂಗ್ ಬಲ್ಲ ಸಣ್ಣ ಘಟಕಗಳ ಕೈಗೆಟಕುವಂಥವೇ. ಗೃಹೋಪಯೋಗಿ ಸಲಕರಣೆಗಳ ತಯಾರಿಕೆ ಈ ಪ್ರದೇಶಕ್ಕೆ ಹೊಸತೂ ಅಲ್ಲ. 2021ರಲ್ಲಿ ಷೇರುಪೇಟೆ ಪ್ರವೇಶಿಸಿದ ಸ್ಟೋವ್ ಕ್ರಾಫ್ಟ್ ಸಂಸ್ಥೆಯ ಅಡುಗೆ ಸಲಕರಣೆಗಳ ಕಾರ್ಖಾನೆ ಇರುವುದು ಹಾರೋಹಳ್ಳಿ ಹೋಬಳಿಯ ಮೇಡಮಾರನಹಳ್ಳಿಯಲ್ಲಿ.

ನಾಲ್ಕೂ ಬಿಡಿಭಾಗಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು, ಯಾವ ಗಾತ್ರದ ಕೋಣೆಗೆ ಯಾವ ಫ್ಯಾನು ಎಂಬ ಕನ್ನಡದ ಚೀಟಿಯೊಂದನ್ನು ಜೊತೆಗಿಟ್ಟು ಮಾರುವ ವರ್ತಕರು ಮೊದಲ ಗ್ರಾಹಕರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕೈಗಾರಿಕಾ ಪ್ರದೇಶದ ಒಂದು ರಸ್ತೆಯಲ್ಲಿ ನಡೆದು, ಶೌಚಾಲಯಗಳ ಹೊರಗೋಡೆಯಲ್ಲಿ ಮುಚ್ಚಿಯೇ ಇರುವ ಶಟರುಗಳನ್ನು ಎಣಿಸಿದರೆ ಸಾಕು.